ಪೆರೆಸಿಸ್ಸೋ ಪ್ಲೀಜಿಯಾನೋ? ಡಿಸ್ಚಾರ್ಜ್ ಸಮರಿಯಲ್ಲಿ ಪದ ಬದಲಾಗಿದೆ

ಕೆಂಗೇರಿ_ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಸ್ಟ್ರೋಕ್ ಆಗಿತ್ತು, ಈಗ ಮನೆಗೆ ಕರೆತಂದಿದ್ದೇವೆ. ಅಡ್ಮಿಟ್ ಆದ ದಿನದ ಕೇಸ್ ಶೀಟಿನಲ್ಲಿ "ಲೆಫ್ಟ್ ಹೆಮಿಪ್ಲೀಜಿಯಾ" ಅಂತ ಬರೆದಿದ್ದಾರೆ. ಡಿಸ್ಚಾರ್ಜ್ ಸಮರಿಯಲ್ಲಿ "ಲೆಫ್ಟ್ ಹೆಮಿಪೆರೆಸಿಸ್" ಅಂತಿದೆ. ಪಕ್ಕದಲ್ಲಿ ಪವರ್ ಅಂತ ಅಂಕಿ ಬೇರೆ. ಮೊದಲ ದಿನ ಎಡಗೈ 0/5, ಎಡಗಾಲು 1/5. ಡಿಸ್ಚಾರ್ಜ್ ದಿನ ಕೈ 2/5, ಕಾಲು 3/5.

ಮೈದುನ ಹೇಳುವುದು, ಎರಡೂ ಒಂದೇ ಅತ್ತಿಗೆ, ಲಕ್ವಾ ಅಷ್ಟೆ ಅಂತ. ಇನ್ಶೂರೆನ್ಸ್ ಏಜೆಂಟರು ಮಾತ್ರ "ಪೆರೆಸಿಸ್ ಅಂತಿದ್ದರೆ ಕ್ಲೇಮ್ ಆಗಲ್ಲ, ಡಾಕ್ಟರ್ ಹತ್ರ ಹೋಗಿ ಪ್ಲೀಜಿಯಾ ಅಂತ ಬರೆಸಿಕೊಂಡು ಬನ್ನಿ" ಅಂತಿದ್ದಾರೆ. ಯಾವುದು ಜಾಸ್ತಿ ಕೆಟ್ಟದ್ದು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಫಿಸಿಯೋ_ಮೈಸೂರು:
ಮೊದಲು ಒಳ್ಳೆಯ ಸುದ್ದಿ. ಪದ ಬದಲಾಗಿರುವುದು ಮಾವನವರು ಬದಲಾಗಿರುವುದಕ್ಕೆ. ಹೆಮಿ ಅಂದರೆ ಮೈಯ ಒಂದು ಪಕ್ಕ. ಪ್ಲೀಜಿಯಾ ಅಂದರೆ ಆ ಭಾಗ ಪೂರ್ತಿ ನಿಂತಿದೆ, ಅಥವಾ ನಿಂತ ಹಾಗೇ ಇದೆ. ಪೆರೆಸಿಸ್ ಅಂದರೆ ಬಲ ಕಡಿಮೆಯಾಗಿದೆ, ಆದರೆ ಇದೆ. ಕರೆಂಟ್ ಹೋಗುವುದಕ್ಕೂ ಲೋ ವೋಲ್ಟೇಜಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ.

ಆದರೆ ನೀವು ನೋಡಬೇಕಾದ್ದು ಆ ಅಂಕಿಗಳನ್ನು. ನಾವು ಫಿಸಿಯೋಗಳು ಪದ ಓದುವುದೇ ಇಲ್ಲ, ನೇರ ಪವರ್‌ಗೆ ಹೋಗುತ್ತೇವೆ. ಇದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1943ರಲ್ಲಿ ಯುದ್ಧದ ನಡುವೆ ಹೊರತಂದ ಅಳತೆ. ನರಕ್ಕೆ ಪೆಟ್ಟು ಬಿದ್ದವರ ಕೈಕಾಲು ಪರೀಕ್ಷಿಸಲು ಮಾಡಿದ್ದು. ಇವತ್ತಿಗೂ ಅದೇ ನಡೆಯುತ್ತಿದೆ. 0 ಅಂದರೆ ಸ್ನಾಯು ಮಿಸುಕುವುದೂ ಇಲ್ಲ. 1 ಅಂದರೆ ಬೆರಳಿಟ್ಟು ನೋಡಿದರೆ ಸಣ್ಣಗೆ ಬಿಗಿಯುವುದು ಗೊತ್ತಾಗುತ್ತದೆ, ಕೀಲು ಮಾತ್ರ ಆಡುವುದಿಲ್ಲ. 2 ಅಂದರೆ ಹಾಸಿಗೆ ಮೇಲೆ ಅಡ್ಡಡ್ಡ ಸರಿಸಬಲ್ಲರು, ಮೇಲಕ್ಕೆ ಎತ್ತಲಾರರು. 3 ಅಂದರೆ ಎತ್ತಬಲ್ಲರು, ನಾವು ಸ್ವಲ್ಪ ಒತ್ತಿದರೂ ಬಿದ್ದುಹೋಗುತ್ತದೆ. 4 ಅಂದರೆ ಒತ್ತಿದರೆ ತಕ್ಕಮಟ್ಟಿಗೆ ತಡೆಯುತ್ತಾರೆ. 5 ಮಾಮೂಲಿ.

ಕಾಲು 1ರಿಂದ 3ಕ್ಕೆ ಬಂದಿದೆ ಅಂದರೆ ಸಣ್ಣ ವಿಷಯವಲ್ಲ. ಹಿಡಿದುಕೊಂಡು ನಿಲ್ಲಿಸುವ ಕೆಲಸ ಶುರು ಮಾಡಬಹುದು ಅಂತ ಅರ್ಥ. ಕೈ ಸಾಮಾನ್ಯವಾಗಿ ಕಾಲಿಗಿಂತ ನಿಧಾನ, ಅದಕ್ಕೆ ಗಾಬರಿ ಬೇಡ. ಸುಧಾರಣೆ ಜೋರಾಗಿ ಕಾಣುವುದು ಮೊದಲ ಮೂರು ತಿಂಗಳು. ಆಮೇಲೂ ನಡೆಯುತ್ತದೆ, ವೇಗ ಕಡಿಮೆ.

ಧಾರವಾಡ_ಪೇಡೆ:
ನಮ್ಮ ಭಾಷೆಯಲ್ಲೂ ಈ ಎರಡನ್ನು ಬೇರೆ ಮಾಡುವ ಮಾತು ಇದೆ ನೋಡ್ರಿ. "ಕೈ ಸೋತದ" ಅಂತಾರೆ, "ಕೈ ಬಿದ್ದದ" ಅಂತಾರೆ. ಎರಡೂ ಒಂದೇ ಅಲ್ಲ. ಸೋತ ಕೈಯಲ್ಲಿ ಲೋಟ ಹಿಡಿಯಬಹುದು, ನಡುವೆ ಜಾರಬಹುದು. ಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಇಡಬೇಕು. ಡಾಕ್ಟರರ ಗ್ರೀಕ್ ಪದಗಳೂ ಹೀಗೇ. ಪೆರೆಸಿಸ್ ಅಂದರೆ ಸಡಿಲ ಬಿಡುವುದು. ಪ್ಲೀಜಿಯಾ ಬಂದಿದ್ದು ಪೆಟ್ಟು, ಹೊಡೆತ ಅನ್ನುವ ಮಾತಿನಿಂದ. ಆಯುರ್ವೇದದ ಪಕ್ಷಾಘಾತದಲ್ಲೂ ಆಘಾತ ಇದೆ. ನಾವು "ಲಕ್ವಾ ಹೊಡೀತು" ಅಂತೀವಿ. ಎಲ್ಲರಿಗೂ ಇದು ಯಾರೋ ಹೊಡೆದ ಹಾಗೇ ಕಂಡಿದೆ.

ಮೈದುನರಿಗೆ ಒಂದು ಮಾತು. ಲಕ್ವಾ ಅರಬ್ಬಿಯಿಂದ ಬಂದದ್ದು, ಯುನಾನಿ ವೈದ್ಯದಲ್ಲಿ ಅದು ಬಾಯಿ ಸೊಟ್ಟಗಾಗುವ ಕಾಯಿಲೆ ಮಾತ್ರ. ಅರ್ಧ ಮೈ ಬಿದ್ದರೆ ಅವರು ಫಾಲಿಜ್ ಅಂತಾರೆ. ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಲಕ್ವಾ ಅಂತ ಕಟ್ಟಿಬಿಟ್ಟೀವಿ.

ರಾತ್ರಿಪಾಳಿ:
ನಾನು ಎಮರ್ಜೆನ್ಸಿಯಲ್ಲಿ ನರ್ಸ್. ಗ್ರೀಕ್ ಎಲ್ಲ ಇರಲಿ. ನನ್ನ ಪ್ರಕಾರ ಜನರನ್ನು ಹಾಳು ಮಾಡುತ್ತಿರುವ ಪದ ಪೆರೆಸಿಸ್ಸೂ ಅಲ್ಲ, ಪ್ಲೀಜಿಯಾನೂ ಅಲ್ಲ. "ವೀಕ್ನೆಸ್".

ಡಾಕ್ಟರ್ ವೀಕ್ನೆಸ್ ಅಂದರೆ ಪೆರೆಸಿಸ್. ಸ್ನಾಯುವಿನ ಬಲ ಹೋಗಿದೆ ಅಂತ. ಮನೆಯಲ್ಲಿ ನಾವು ವೀಕ್ನೆಸ್ ಅಂದರೆ ಸುಸ್ತು. ಊಟ ಸೇರಲಿಲ್ಲ, ನಿದ್ದೆ ಇಲ್ಲ, ಬಿಸಿಲಲ್ಲಿ ಓಡಾಡಿದ್ದು ಜಾಸ್ತಿ ಆಯ್ತು. ಹಾಗಾಗಿ ಬೆಳಿಗ್ಗೆ ಎದ್ದಾಗ ಒಂದು ಕೈ ಭಾರವಾದರೆ, ಚಪ್ಪಲಿ ಕಾಲಿನಿಂದ ಜಾರಿದರೆ, "ಅಪ್ಪನಿಗೆ ವೀಕ್ನೆಸ್ಸು, ಮಲಗಲಿ ಬಿಡಿ" ಅಂತಾರೆ. ಮಧ್ಯಾಹ್ನ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸುತ್ತಾರೆ. ಸಂಜೆ ಕೈ ಪೂರ್ತಿ ಬಿದ್ದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಅಲ್ಲಿಯವರೆಗೆ ಪೆರೆಸಿಸ್ ಆಗಿದ್ದದ್ದು ಕಣ್ಣೆದುರೇ ಪ್ಲೀಜಿಯಾ ಆಗಿರುತ್ತದೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಅದೂ ಕಡೆಯ ಬಾರಿ ಚೆನ್ನಾಗಿದ್ದ ಹೊತ್ತಿನಿಂದ ಲೆಕ್ಕ. ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಹೀಗೆ ಎದ್ದರೆ, ಮಲಗಿದ ಹೊತ್ತಿನಿಂದ ಲೆಕ್ಕ. ದೊಡ್ಡ ರಕ್ತನಾಳದ ಹೆಪ್ಪನ್ನು ತಂತಿ ಹಾಕಿ ತೆಗೆಯುವುದಕ್ಕೆ ಆರಿಸಿದ ಕೆಲವರಲ್ಲಿ 24 ಗಂಟೆವರೆಗೂ ಅವಕಾಶ ಇದೆ. ಆದರೆ ಅದನ್ನು ಎಲ್ಲ ಊರಲ್ಲೂ ಮಾಡುವುದಿಲ್ಲ.

ಸುಸ್ತಿಗೆ ಪಕ್ಷಪಾತ ಇರುವುದಿಲ್ಲ, ಎರಡೂ ಕಡೆ ಇರುತ್ತದೆ. ಒಂದೇ ಕಡೆ ಸುಸ್ತು ಅಂದರೆ ಅದು ಸುಸ್ತಲ್ಲ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.

ಧಾರವಾಡ_ಪೇಡೆ:
ಮೇಡಂ, ಕೈಲಿ ಬಲ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡುವುದು ಹೆಂಗ? ಸ್ವಲ್ಪ ಕಡಿಮೆ ಆಗಿದ್ದರೆ ಗೊತ್ತೇ ಆಗೋದಿಲ್ಲ.

ರಾತ್ರಿಪಾಳಿ:
ಕೂರಿಸಿ, ಎರಡೂ ಕೈ ಮುಂದಕ್ಕೆ ಚಾಚಿಸಿ, ಅಂಗೈ ಮೇಲಕ್ಕೆ. ಕಣ್ಣು ಮುಚ್ಚಿಸಿ ಹತ್ತು ಎಣಿಸಿ. ಸೋತ ಕೈ ಮೆಲ್ಲಗೆ ಕೆಳಗಿಳಿಯುತ್ತದೆ, ಅಂಗೈ ಒಳಕ್ಕೆ ತಿರುಗುತ್ತದೆ. ರೋಗಿಗೇ ಅದು ಗೊತ್ತಿರುವುದಿಲ್ಲ. ನಗಲು ಹೇಳಿ, ಒಂದು ವಾಕ್ಯ ಹೇಳಿಸಿ. ಏನಾದರೂ ಒಂದು ತಪ್ಪಿದರೂ ಹೊರಡಿ. ಪರೀಕ್ಷೆಯಲ್ಲಿ ಪಾಸಾದರು ಅಂತ ಮನೆಯಲ್ಲಿ ಕೂರಬೇಡಿ ಮತ್ತೆ, ಎಲ್ಲ ಸ್ಟ್ರೋಕೂ ಕೈಯಲ್ಲೇ ಕಾಣಬೇಕು ಅಂತಿಲ್ಲ.

ಇನ್ನೆರಡು ಮಾತು. ದಾರಿಯಲ್ಲಿ ನೀರು, ಕಾಫಿ ಕುಡಿಸಬೇಡಿ, ನುಂಗುವ ಸ್ನಾಯುವೂ ಸೋತಿರಬಹುದು, ಶ್ವಾಸಕೋಶಕ್ಕೆ ಹೋಗುತ್ತದೆ. ಯಾರೋ ಹೇಳಿದರು ಅಂತ ಆಸ್ಪಿರಿನ್ ನುಂಗಿಸಬೇಡಿ. ರಕ್ತಸ್ರಾವವೋ ಹೆಪ್ಪೋ ಅಂತ ಸ್ಕ್ಯಾನ್ ಆಗದೆ ಗೊತ್ತಾಗಲ್ಲ. ಶುಗರ್ ಇರುವವರಾದರೆ ಗ್ಲೂಕೋಮೀಟರಿನಲ್ಲಿ ಒಮ್ಮೆ ನೋಡಿ, ಅದಕ್ಕಾಗಿ ಹೊರಡುವುದು ತಡವಾಗಬಾರದು. ಶುಗರ್ ತೀರಾ ಇಳಿದರೂ ಒಂದು ಕಡೆ ಬಿದ್ದುಹೋಗುವುದುಂಟು, ಸ್ಟ್ರೋಕ್ ಥರವೇ ಕಾಣುತ್ತದೆ.

ತೆಂಗಿನತೋಟ_ತಿಪಟೂರು:
ಇಲ್ಲಿ ಎಲ್ಲರೂ ಪೆರೆಸಿಸ್ ಅಂದರೆ ಸಣ್ಣದು, ಪ್ಲೀಜಿಯಾ ಅಂದರೆ ಪೂರ್ತಿ ಪ್ಯಾರಾಲಿಸಿಸ್, ದೊಡ್ಡದು ಅಂತ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಉಲ್ಟಾ ಆಗಿತ್ತು. ನನ್ನ ತಮ್ಮ ಮದುವೆ ಮನೆಯಲ್ಲಿ ಹೋಳಿಗೆ ಚೆನ್ನಾಗಿ ಬಾರಿಸಿ ಮಲಗಿದ. ಬೆಳಗಿನ ಜಾವ ಎದ್ದರೆ ಎರಡು ಕೈ, ಎರಡು ಕಾಲು ಯಾವುದೂ ಅಲ್ಲಾಡಲಿಲ್ಲ. ಮಾತು ಸರಿ, ಉಸಿರು ಸರಿ, ಜ್ಞಾನ ಸರಿ. ಅಮ್ಮ ಕೂಗಾಡಿದರು, ಹಳ್ಳಿ ಪೂರ್ತಿ ಸೇರಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಪೊಟ್ಯಾಸಿಯಂ ತೀರಾ ಕೆಳಗಿತ್ತು. ಪೊಟ್ಯಾಸಿಯಂ ಕೊಟ್ಟರು. ಸಂಜೆ ಹೊತ್ತಿಗೆ ಅವನೇ ಎದ್ದು ಬಾತ್‌ರೂಮಿಗೆ ಹೋದ!

ಕಾಗದದಲ್ಲಿ ಬರೆದದ್ದು "ಹೈಪೊಕಲೇಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್". ಪ್ಯಾರಾಲಿಸಿಸ್ ಅನ್ನುವ ಪದ ನೋಡಿ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ ಅಂತ ಅಮ್ಮ ಆ ಫೈಲನ್ನು ಬೀರುವಿನಲ್ಲಿ ಬಚ್ಚಿಟ್ಟರು. ಈಗ ಅವನು ತೆಂಗಿನ ಮರ ಹತ್ತುತ್ತಾನೆ.

ಫಿಸಿಯೋ_ಮೈಸೂರು:
ತಿಪಟೂರಿನ ಅಣ್ಣ ಹೇಳಿದ್ದು ಈ ಚರ್ಚೆಗೆ ಬೇಕಾಗಿದ್ದ ಮಾತು. ಎಷ್ಟು ಬಲ ಹೋಗಿದೆ ಅನ್ನುವುದು ಒಂದು ಪ್ರಶ್ನೆ. ಎಷ್ಟು ದಿನ ಇರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಪೆರೆಸಿಸ್, ಪ್ಲೀಜಿಯಾ ಎರಡೂ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತವೆ. ಪರೀಕ್ಷೆ ಮಾಡಿದ ಆ ಹೊತ್ತಿನಲ್ಲಿ ಎಷ್ಟಿತ್ತು ಅಂತ. ನಿಮ್ಮ ತಮ್ಮನಿಗೆ ನಾಲ್ಕೂ ಅಂಗ ಬಿದ್ದು ಸಂಜೆಗೆ ಸರಿಯಾಯಿತು. ಸ್ಟ್ರೋಕ್ ಆದವರಲ್ಲಿ ಸಣ್ಣ ಪೆರೆಸಿಸ್ ಜೀವನವಿಡೀ ಉಳಿಯುವುದೂ ಇದೆ. ಹಾಗೇ ಫಿಟ್ಸ್ ಬಂದು ಹೋದ ಮೇಲೆ ಒಂದು ಕಡೆ ಕೈಕಾಲು ಸೋಲುವುದುಂಟು, ಟಾಡ್ಸ್ ಪೆರೆಸಿಸ್ ಅಂತಾರೆ. ಸಾಮಾನ್ಯವಾಗಿ ಒಂದೆರಡು ದಿನದೊಳಗೆ ತಾನೇ ಹೋಗುತ್ತದೆ.

ಅಂದಹಾಗೆ ತಮ್ಮನ ಥೈರಾಯ್ಡ್ ಪರೀಕ್ಷೆ ಆಗಿದೆಯಾ? ಥೈರಾಯ್ಡ್ ಜಾಸ್ತಿಯಾಗಿ ಹೀಗಾಗುವುದು ಏಷ್ಯಾದ ಗಂಡಸರಲ್ಲಿ ಹೆಚ್ಚು. ಆಗಿಲ್ಲದಿದ್ದರೆ ಮಾಡಿಸಿ. ಮತ್ತೆ ಮರ ಹತ್ತುವ ವಿಷಯವನ್ನೂ ಡಾಕ್ಟರಿಗೆ ಹೇಳಿ ದಯವಿಟ್ಟು.

ಸುಮ್ನೆ_ಓದುಗ:
ಹಾಗಾದರೆ ಪದಕ್ಕೆ ಬೆಲೆಯೇ ಇಲ್ಲ ಅಂತಾಯಿತು ಅಲ್ವಾ? ಸೆರೆಬ್ರಲ್ ಪಾಲ್ಸಿ ಇರುವ ನಮ್ಮ ಅಕ್ಕನ ಮಗನಿಗೆ "ಸ್ಪಾಸ್ಟಿಕ್ ಡೈಪ್ಲೀಜಿಯಾ" ಅಂತ ಬರೆದಿದ್ದಾರೆ, ಮುಖ್ಯವಾಗಿ ಎರಡೂ ಕಾಲು ಬಿಗಿಯಾಗಿರುವುದು. ಅವನು ಓಡುತ್ತಾನೆ. ಸ್ವಲ್ಪ ತುದಿಗಾಲಲ್ಲಿ, ಆದರೂ ಓಡುತ್ತಾನೆ. ಪೂರ್ತಿ ಬಿದ್ದರೆ ತಾನೇ ಪ್ಲೀಜಿಯಾ?

ಫಿಸಿಯೋ_ಮೈಸೂರು:
ಅದು ರೂಢಿಯ ಹೆಸರು. ಕಾಯಿಲೆಗೆ ಹೆಸರಿಟ್ಟ ಕಾಲದಲ್ಲಿ ಯಾರೂ ಅಷ್ಟು ಕಟ್ಟುನಿಟ್ಟಾಗಿ ನೋಡಿರಲಿಲ್ಲ. ವಂಶದಲ್ಲಿ ಬರುವ ಸ್ಪಾಸ್ಟಿಕ್ ಪ್ಯಾರಾಪ್ಲೀಜಿಯಾ ಅಂತ ಒಂದಿದೆ, ಅದಿರುವ ಎಷ್ಟೋ ಜನ ನಡೆದಾಡುತ್ತಾರೆ. ಕಾಯಿಲೆಯ ಹೆಸರಿನೊಳಗೆ ಪ್ಲೀಜಿಯಾ ಇದ್ದರೆ ಅದರಿಂದ ಬಲ ಅಳೆಯಬೇಡಿ. ರೋಗಿಯನ್ನು ನೋಡಿ ಬರೆದ ಸಾಲಿನಲ್ಲಿದ್ದರೆ ಮಾತ್ರ ಅರ್ಥ ಗಟ್ಟಿ.

ನಿವೃತ್ತ_ಆರೋಗ್ಯ_ಸಹಾಯಕ_ಸಾಗರ:
ಪೋಲಿಯೊ ಕೆಲಸದಲ್ಲಿ ನಾವು ಬೇಕೆಂತಲೇ ಪದವನ್ನು ಅಗಲ ಮಾಡಿಕೊಂಡಿದ್ದೆವು. ಎ.ಎಫ್.ಪಿ. ಅಂದರೆ ಅಕ್ಯೂಟ್ ಫ್ಲಾಸಿಡ್ ಪ್ಯಾರಾಲಿಸಿಸ್. ಹೆಸರಲ್ಲಿ ಪ್ಯಾರಾಲಿಸಿಸ್ ಇದ್ದರೂ, 15 ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತು ಜೋಲು ಬಿದ್ದರೆ ಸಾಕು, ಸ್ವಲ್ಪ ಸೋತಿದ್ದರೂ ವರದಿ ಮಾಡಬೇಕಿತ್ತು. 14 ದಿನದೊಳಗೆ ಎರಡು ಸಲ ಮಲದ ಮಾದರಿ, ನಡುವೆ 24 ಗಂಟೆ ಅಂತರ, ಐಸ್ ಹಾಕಿದ ಪೆಟ್ಟಿಗೆಯಲ್ಲಿ ಲ್ಯಾಬಿಗೆ. "ಇದು ಬರೀ ವೀಕ್ನೆಸ್ ಸಾರ್" ಅಂತ ಯಾರಾದರೂ ಕೈಬಿಟ್ಟರೆ ಒಂದು ಪೋಲಿಯೊ ಕೇಸು ತಪ್ಪಿಹೋಗಬಹುದಿತ್ತು. ದೇಶದ ಕೊನೆಯ ಕಾಡು ಪೋಲಿಯೊ (ಲಸಿಕೆಯಿಂದಲ್ಲದೆ ತಾನಾಗಿ ಹರಡುವ ವೈರಸ್ಸಿನದು) ಕೇಸು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಬಂತು. ಹುಡುಕಾಟ ಆಮೇಲೂ ನಿಂತಿಲ್ಲ.

ಇನ್ನೊಂದು. ನಡೆಯಲು ಆಗುತ್ತಿಲ್ಲ ಅಂದ ತಕ್ಷಣ ನರ ಅಂದುಕೊಳ್ಳಬೇಡಿ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಕೇಳಿರಬಹುದು. 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದದ್ದು. ಸೊಂಟ, ಮಂಡಿ ಹಿಡಿದು ಜನ ತೆವಳುವ ಸ್ಥಿತಿಗೆ ಬಂದಿದ್ದರು. ನೋಡಿದವರು ಲಕ್ವಾ ಅನ್ನುತ್ತಿದ್ದರು. ಅದು ಮೂಳೆ, ಕೀಲಿನ ಕಾಯಿಲೆ, ವಂಶದಲ್ಲಿ ಬರುವುದು. ಅಲ್ಲಿ ಪೆರೆಸಿಸ್ಸೂ ಇಲ್ಲ, ಪ್ಲೀಜಿಯಾನೂ ಇಲ್ಲ.

ಪಾಲಿಸಿ_ಪುಟ:
ಕೆಂಗೇರಿಯವರ ಇನ್ಶೂರೆನ್ಸ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ನಾನು ಕ್ಲೇಮ್ ಕಡೆ ಕೆಲಸ ಮಾಡಿದವನು.

ಮೊದಲು ನಿಮ್ಮ ಹತ್ತಿರ ಯಾವ ಪಾಲಿಸಿ ಇದೆ ನೋಡಿ. ಆಸ್ಪತ್ರೆ ಬಿಲ್ ಕೊಡುವ ಮಾಮೂಲಿ ಮೆಡಿಕ್ಲೇಮ್ ಆದರೆ ಪೆರೆಸಿಸ್, ಪ್ಲೀಜಿಯಾ ಯಾವುದಾದರೂ ಒಂದೇ. ಸ್ಟ್ರೋಕ್‌ಗೆ ಅಡ್ಮಿಟ್ ಆಗಿದ್ದರು, ಅಷ್ಟು ಸಾಕು. ಪದ ಮುಖ್ಯವಾಗುವುದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯಲ್ಲಿ, ಅಂದರೆ ಇಂತಿಂಥ ಕಾಯಿಲೆ ಬಂದರೆ ಇಡೀ ಮೊತ್ತ ಒಟ್ಟಿಗೆ ಕೊಡುವ ಪಾಲಿಸಿ. ಅದರಲ್ಲಿ ಎರಡು ಬೇರೆ ಬೇರೆ ತಲೆಬರಹ ಇರುತ್ತವೆ, ವಿವರಣೆ ಐಆರ್‌ಡಿಎಐ, ಅಂದರೆ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ, ಗೊತ್ತುಮಾಡಿದ್ದು. ಒಂದು "ಕೈಕಾಲುಗಳ ಶಾಶ್ವತ ಪ್ಯಾರಾಲಿಸಿಸ್". ಇದರಲ್ಲಿ ಎರಡು ಅಥವಾ ಹೆಚ್ಚು ಅಂಗ ಪೂರ್ತಿ, ಮತ್ತೆ ಬಾರದಂತೆ ಹೋಗಿರಬೇಕು, ಮೂರು ತಿಂಗಳಿಗಿಂತ ಹೆಚ್ಚು ಹಾಗೇ ಇರಬೇಕು. 2/5, 3/5 ಇರುವವರು ಇದರೊಳಗೆ ಬರುವುದಿಲ್ಲ. ನಿಮ್ಮ ಏಜೆಂಟರು ಈ ತಲೆಬರಹ ಮಾತ್ರ ನೋಡಿದ್ದಾರೆ ಅನ್ನಿಸುತ್ತದೆ.

ಇನ್ನೊಂದು "ಶಾಶ್ವತ ಲಕ್ಷಣ ಉಳಿಸಿದ ಸ್ಟ್ರೋಕ್". ಇಲ್ಲಿ ಪೂರ್ತಿ ಬೀಳಬೇಕಾಗಿಲ್ಲ. ಸಿ.ಟಿ. ಅಥವಾ ಎಂ.ಆರ್.ಐ.ಯಲ್ಲಿ ಸ್ಟ್ರೋಕ್ ಕಾಣಬೇಕು, ತಜ್ಞ ವೈದ್ಯರು ಖಚಿತಪಡಿಸಬೇಕು, ನರದ ತೊಂದರೆ ಕನಿಷ್ಠ ಮೂರು ತಿಂಗಳು ಉಳಿದು ಶಾಶ್ವತ ಅನ್ನಿಸಿಕೊಳ್ಳಬೇಕು. ಹೆಮಿಪೆರೆಸಿಸ್ ಇಲ್ಲಿ ನಡೆಯುತ್ತದೆ. ಕೆಲವು ನಿಮಿಷ ಬಂದು ಪೂರ್ತಿ ಸರಿಹೋದ ಮಿನಿ ಸ್ಟ್ರೋಕ್ ಇದರಿಂದ ಹೊರಗೆ.

ಹಾಗಾಗಿ ಡಾಕ್ಟರ್ ಹತ್ತಿರ ಹೋಗಿ ಪದ ತಿದ್ದಿಸುವ ಕೆಲಸಕ್ಕೆ ಕೈ ಹಾಕಬೇಡಿ. ಸಮರಿಯಲ್ಲಿ ಪ್ಲೀಜಿಯಾ, ಪಕ್ಕದಲ್ಲಿ ಪವರ್ 3/5 ಇದ್ದರೆ ತನಿಖೆಗೆ ಬಂದವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಮೂರು ತಿಂಗಳು ದಾಟಿದ ಮೇಲೆ ನ್ಯೂರಾಲಜಿಸ್ಟ್‌ಗೆ ತೋರಿಸಿ, ಆವತ್ತಿನ ಪವರ್ ಎಷ್ಟು, ಏನೇನು ಮಾಡಲು ಆಗುತ್ತಿಲ್ಲ ಅಂತ ಬರೆಸಿಕೊಳ್ಳಿ. ಕ್ಲೇಮ್ ತಿಳಿಸುವುದಕ್ಕೆ ಮಾತ್ರ ಕಾಯಬೇಡಿ, ಇವತ್ತೇ ತಿಳಿಸಿ.

ಕೆಂಗೇರಿ_ಸೊಸೆ:
ಪಾಲಿಸಿ ತೆಗೆದು ನೋಡಿದೆ, ಕ್ರಿಟಿಕಲ್ ಇಲ್‌ನೆಸ್ ರೈಡರ್ ಇದೆ, ನೀವು ಹೇಳಿದ ಎರಡೂ ತಲೆಬರಹ ಇದೆ ಸರ್. ಇನ್ನೊಂದು ಪ್ರಶ್ನೆ ಫಿಸಿಯೋ ಮೇಡಂಗೆ. ಮಾವನವರ ಎಡಗೈ ಈಗೀಗ ಮುಷ್ಟಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಿಡಿಸಲು ನಮಗೇ ಕಷ್ಟ. ಅತ್ತೆ "ನೋಡು ಬಲ ಬಂತು" ಅಂತ ಖುಷಿಯಾಗಿದ್ದಾರೆ. ಯಾರೋ ಪಾರಿವಾಳದ ರಕ್ತ ಹಚ್ಚಲು ಬೇರೆ ಹೇಳಿದ್ದಾರೆ.

ಫಿಸಿಯೋ_ಮೈಸೂರು:
ಅತ್ತೆಯವರ ಖುಷಿ ಕೆಡಿಸಲು ಬೇಜಾರು. ಅದು ಬಲ ಅಲ್ಲ, ಬಿಗಿತ. ಸ್ಪಾಸ್ಟಿಸಿಟಿ ಅಂತೀವಿ. ಸ್ಟ್ರೋಕ್ ಆದ ಹೊಸದರಲ್ಲಿ ಕೈ ಜೋಲು ಬಿದ್ದಿರುತ್ತದೆ. ಕೆಲವು ವಾರದಲ್ಲಿ ಬಿಗಿಯಲು ಶುರುವಾಗುತ್ತದೆ, ಮಿದುಳಿನ ಹಿಡಿತ ತಪ್ಪಿದ್ದಕ್ಕೆ. ಪರೀಕ್ಷೆ ಸುಲಭ. "ಮುಷ್ಟಿ ಹಿಡಿಯಿರಿ" ಅನ್ನಿ, "ಬಿಡಿ" ಅನ್ನಿ. ಹೇಳಿದಾಗ ಹಿಡಿದು, ಹೇಳಿದಾಗ ಬಿಟ್ಟರೆ ಬಲ. ತಾನೇ ಹಿಡಿದುಕೊಂಡು ಬಿಡದೇ ಇದ್ದರೆ ಬಿಗಿತ. ಸ್ಮೈಲಿ ಬಾಲು ಕೊಟ್ಟು ಹಿಸುಕಲು ಹೇಳುವವರು ಎಲ್ಲ ಕಡೆ ಇದ್ದಾರೆ. ಬಿಗಿದ ಕೈಗೆ ಸುಮ್ನೆ ಅದನ್ನು ಕೊಡಬೇಡಿ, ನಿಮ್ಮ ಫಿಸಿಯೋನ ಕೇಳಿ. ಬೆರಳು ಬಿಡಿಸುವಾಗ ನೇರ ಎಳೆಯಬೇಡಿ. ಮೊದಲು ಮಣಿಕಟ್ಟನ್ನು ಒಳಕ್ಕೆ ಬಾಗಿಸಿ, ಬೆರಳು ತಾನೇ ಸಡಿಲವಾಗುತ್ತದೆ. ಅಂಗೈ ಒಣಗಿಸಿಡಿ, ಉಗುರು ಕತ್ತರಿಸಿ.

ಬಿಗಿತಕ್ಕಿಂತ ನನಗೆ ಹೆಚ್ಚು ಹೆದರಿಕೆ ಭುಜದ್ದು. 2/5 ಕೈಗೆ ಭುಜದ ಕೀಲನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಏಳಿಸುವಾಗ ಆ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ, ಕೀಲು ಜಾರಿ ತಿಂಗಳುಗಟ್ಟಲೆ ನೋವು. ನೋವಿದ್ದರೆ ವ್ಯಾಯಾಮ ನಿಂತಿತು. ಸೊಂಟ ಹಿಡಿದು ಏಳಿಸಿ. ಕುಳಿತಾಗ ಕೈ ನೇತಾಡಬಾರದು, ತೊಡೆ ಮೇಲೆ ದಿಂಬಿಟ್ಟು ಅದರ ಮೇಲೆ ಇಡಿ. ನೋಡಲು ಬಂದ ನೆಂಟರು ಪ್ರೀತಿಯಿಂದ ಆ ಕೈಯನ್ನೇ ಹಿಡಿದು ಎಳೆದಾಡುತ್ತಾರೆ, ಅವರಿಗೂ ಹೇಳಿಬಿಡಿ.

ಪಾರಿವಾಳವನ್ನು ಅದರ ಪಾಡಿಗೆ ಬಿಡಿ.

ಹೊಸಬ_ಹಾಸನ:
ಮಧ್ಯೆ ಬಂದದ್ದಕ್ಕೆ ಬೇಸರ ಬೇಡ. ನಮ್ಮ ಅಣ್ಣನಿಗೆ ಇವತ್ತು ಬೆಳಿಗ್ಗೆಯಿಂದ ಬಾಯಿ ಒಂದು ಕಡೆ ಸೊಟ್ಟಗಾಗಿದೆ. ಒಂದು ಕಣ್ಣು ಮುಚ್ಚಲಾಗುತ್ತಿಲ್ಲ. ಕೈಕಾಲು ಸರಿ ಇದೆ. ಪಕ್ಕದ ಊರಲ್ಲಿ ಲಕ್ವಾಗೆ ಔಷಧಿ ಕೊಡುವವರಿದ್ದಾರೆ, ಎಲ್ಲರಿಗೂ ವಾಸಿಯಾಗಿದೆಯಂತೆ. ಅಲ್ಲಿಗೆ ಹೋಗಬಹುದಾ?

ರಾತ್ರಿಪಾಳಿ:
ಮೊದಲು ಆಸ್ಪತ್ರೆಗೆ, ಈಗಲೇ. ನೀವು ಹೇಳಿದ್ದು ಬೆಲ್ಸ್ ಪಾಲ್ಸಿ ಥರ ಕೇಳುತ್ತದೆ. ಮುಖದ ನರ ಮಾತ್ರ ಸೋಲುವುದು, ಮಿದುಳಿನ ಸ್ಟ್ರೋಕ್ ಅಲ್ಲ. ಅದರಲ್ಲಿ ಹಣೆ ಕೂಡ ಸುಕ್ಕು ಮಾಡಲು ಆಗುವುದಿಲ್ಲ, ಸ್ಟ್ರೋಕ್‌ನಲ್ಲಿ ಹಣೆ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಅದನ್ನು ತೀರ್ಮಾನ ಮಾಡುವವರು ನೀವೂ ಅಲ್ಲ, ನಾನೂ ಅಲ್ಲ, ನೋಡಿದ ಡಾಕ್ಟರ್.

ಎಲ್ಲರಿಗೂ ವಾಸಿಯಾಗುವುದು ಯಾಕೆ ಅಂದರೆ ಬೆಲ್ಸ್ ಪಾಲ್ಸಿ ಏನೂ ಮಾಡದಿದ್ದರೂ ನೂರರಲ್ಲಿ ಸುಮಾರು 70 ಜನಕ್ಕೆ ಪೂರ್ತಿ ಸರಿಹೋಗುತ್ತದೆ. ಔಷಧಿ ಕೊಟ್ಟವರಿಗೆ ಹೆಸರು ಬರುತ್ತದೆ. ಉಳಿದವರ ಸಂಖ್ಯೆ ಕಡಿಮೆ ಮಾಡುವುದು ಸ್ಟೀರಾಯ್ಡ್ ಮಾತ್ರೆ. ಅದನ್ನು 72 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಶುಗರ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಕಣ್ಣು ಮುಚ್ಚದಿದ್ದರೆ ಒಣಗಿ ಗಾಯವಾಗುತ್ತದೆ, ಅದಕ್ಕೆ ಡ್ರಾಪ್ಸ್ ಮತ್ತು ರಾತ್ರಿಗೆ ಮುಲಾಮು ಕೇಳಿ ಬರೆಸಿಕೊಳ್ಳಿ. ಬೈಕಿನಲ್ಲಿ ಕರೆದುಕೊಂಡು ಹೋಗಬೇಡಿ, ಗಾಳಿ, ಧೂಳು. ಹೊರಟಿರಾ?

ಹೊಸಬ_ಹಾಸನ:
ಆಟೋ ಬಂತು ಮೇಡಂ. ಹೊರಟೆವು.